ಮಾರ್ಚ್ ಆದ ಮೇಲೆ ಆ ಮನೆಗಳಿಗೆ

ಪೆರ್ಲ

ಪ್ರೀತಿಯ ಮಗಳೇ,

ನಿನ್ನ ಪತ್ರ ಮೂರು ಸಲ ಓದಿದೆ. ಮನೆಯ ಸುದ್ದಿ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ಕೊನೆಯಲ್ಲಿ ಬರೆದಿದ್ದೀಯಲ್ಲ, ‘ಮಾರ್ಚ್ ಆದ ಮೇಲೆ ಆ ಮನೆಗಳಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ ದೊಡ್ಡಪ್ಪ’ ಅಂತ. ಅದನ್ನು ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ.

ಮಾರ್ಚಿಗೆ ನಿಮ್ಮ ಯೋಜನೆಯ ಹಣ ಮುಗಿಯುತ್ತದೆ, ಕೆಲಸ ಹೋಗುತ್ತದೆ ಅಂತ ನೀನು ಹೆದರಿಲ್ಲ. ಅಷ್ಟು ಮನೆಗಳವರು ನೀರಿಗೆಂದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳ ನೀರು ಅಳೆದು, ಅವರು ಕೊಟ್ಟ ಚಾ ಕುಡಿದು, ಉತ್ತರ ಹೇಳದೆ ಕಾಣೆಯಾಗಬೇಕಲ್ಲ ಅಂತ ಹೆದರಿದ್ದೀಯ. ನಾನು ಹಾಗೆ ಕಾಣೆಯಾದವನು. ನಿನ್ನ ಅಪ್ಪನಿಗೂ ಇದನ್ನು ಹೇಳಿಲ್ಲ.

ಕಾಲೇಜು ಮುಗಿಸಿ ಎರಡು ಮಳೆಗಾಲ ಅಡಿಕೆಯ ಕೊಳೆರೋಗದ ಒಂದು ಯೋಜನೆಯಲ್ಲಿ ದಿನಗೂಲಿಗೆ ಇದ್ದೆ. ಮದ್ದು ಅಂದರೆ ಒಂದು ಕೇಜಿ ಮೈಲುತುತ್ತು, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಯಾವಾಗ ಮದ್ದು ಬಿಟ್ಟರೆ ಎಷ್ಟು ಅಡಿಕೆ ಉಳಿಯುತ್ತದೆ ಅಂತ ನೋಡುವ ಕೆಲಸ. ಹೋಲಿಸಲು ಒಂದು ಸಾಲಿಗೆ ಮದ್ದು ಬಿಡಬಾರದು. ಒಬ್ಬ ಅಜ್ಜ ತಮ್ಮ ತೋಟದಲ್ಲಿ ಹಾಗೆ ಒಂದು ಸಾಲು ಬಿಟ್ಟುಕೊಟ್ಟರು. ಮರಗಳಿಗೆ ಕೆಂಪು ಪೈಂಟಿನಲ್ಲಿ ನಂಬರು ಬರೆದವನು ನಾನೇ. ಮೂರನೇ ವರ್ಷದ ಹಣ ಬರಲಿಲ್ಲ. ‘ನಾಳೆಯಿಂದ ಬರಬೇಡ’ ಅಂದರು, ನಾನೂ ಸುಮ್ಮನಾದೆ. ಆಗಸ್ಟಿನಲ್ಲಿ ಪೇಟೆಯಲ್ಲಿ ಅಜ್ಜ ಸಿಕ್ಕಿದರು. ‘ಆ ಸಾಲಿಗೆ ಈ ಸಲವೂ ಮದ್ದು ಬಿಟ್ಟಿಲ್ಲ ಮಾರಾಯ, ನೀನು ಲೆಕ್ಕ ಮಾಡಲು ಯಾವಾಗ ಬರ್ತೀಯ?’ ಅಂತ ಕೇಳಿದರು. ಮಾರನೇ ದಿನ ದೂರದಿಂದ ನೋಡಿದೆ. ಬುಡದ ತುಂಬ ಹಸಿ ಅಡಿಕೆ ಉದುರಿ, ಬಿಳಿ ಬೂಷ್ಟು ಹಿಡಿದು ಕೊಳೆಯುತ್ತಿತ್ತು. ನಾನು ಒಳಗೆ ಹೋಗಲಿಲ್ಲ. ಆಮೇಲೆ ವರ್ಷಗಟ್ಟಲೆ ಆ ದಾರಿ ಬಿಟ್ಟು ಸುತ್ತಿಕೊಂಡು ನಡೆದೆ. ಅಜ್ಜ ತೀರಿಕೊಂಡಾಗಲೂ ಹೋಗಲಿಲ್ಲ.

ನೀನು ಹೋಗುವ ಊರುಗಳಲ್ಲಿ ಇದು ಇನ್ನೂ ನೋವಿನ ಮಾತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದರಲ್ಲ, 2000ದ ಕೊನೆಗೆ ಅದು ನಿಂತಿತು. ಆಮೇಲೆ ಪಡ್ರೆ ಊರಿನವರ ರಕ್ತ, ನೀರು, ಮಣ್ಣು ತೆಗೆದುಕೊಂಡು ಹೋಗಲು ಎಷ್ಟು ಜನ ಬಂದರು! ಆ ಪರೀಕ್ಷೆಗಳು ಬೇಡವಾಗಿತ್ತು ಅನ್ನುವುದಿಲ್ಲ. ಅವು ಇಲ್ಲದಿದ್ದರೆ 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ತಡೆದಾಗ ನಮ್ಮ ಕಡೆ ಹೇಳಲು ಏನಿತ್ತು? ಆದರೆ ಬಾಟಲಿ ಹಿಡಿದು ಬಂದವರನ್ನು ಕಂಡರೆ ಇಲ್ಲಿಯವರು ಮೊದಲು ಕೇಳುವುದು, ‘ತಿರುಗಿ ಬರ್ತೀರಾ?’ ಅಂತ.

ತಿರುಗಿ ಬರಲು ದುಡ್ಡು ಬೇಕು, ಅಲ್ವಾ. ಕಾಸರಗೋಡಿನ ತೆಂಗಿನ ಸಂಶೋಧನಾ ಕೇಂದ್ರವನ್ನು ಮದ್ರಾಸ್ ಸರಕಾರ 1916ರಲ್ಲಿ ಶುರು ಮಾಡಿತು. ಇಂದಿಗೂ ಅದು ಇದೆ. ನೀಲೇಶ್ವರದಲ್ಲಿ 1932ರಲ್ಲಿ ಎತ್ತರದ ತೆಂಗು, ಗಿಡ್ಡ ತೆಂಗು ಸೇರಿಸಿ ಹೈಬ್ರಿಡ್ ಮಾಡಿದರು. ಅದರ ಗುಣ ಜಗತ್ತಿಗೆ ತಿಳಿದದ್ದು 1937ರಲ್ಲಿ. ಐದು ವರ್ಷ ಸರಕಾರ ಕಾಯಿತು. ಈಗ ದೊಡ್ಡ ಸಂಸ್ಥೆಗಳಿಗೆ ಕಾಯುತ್ತಾರೆ, ನಿಮ್ಮಂಥ ಹಳ್ಳಿಯ ಕ್ಯಾಂಪಸ್ಸಿಗೆ ಕಾಯುವುದಿಲ್ಲ. 2023ರಲ್ಲಿ ಕಾನೂನು ಮಾಡಿ, ಸಂಶೋಧನೆಗೆ ಹಣ ಕೊಡುವ ಅನುಸಂಧಾನ್ ಪ್ರತಿಷ್ಠಾನ ತಂದಾಗ ಐದು ವರ್ಷಕ್ಕೆ 50,000 ಕೋಟಿ ಅಂದರು. ನನಗೆ ಖುಷಿಯಾಗಿತ್ತು. ಅದರಲ್ಲಿ 36,000 ಕೋಟಿ ಖಾಸಗಿಯವರಿಂದ ಬರಬೇಕು ಅಂತ ಗೊತ್ತಾದಾಗ ಆ ಖುಷಿ ಇಳಿಯಿತು. ನಮ್ಮ ಸುರಂಗದ ನೀರಿಗೆ ಯಾವ ಕಂಪನಿ ಹಣ ಹಾಕುತ್ತದೆ? ಅದನ್ನು ಸರಕಾರವೇ ನೋಡಿಕೊಳ್ಳಬೇಕು. ಈ ಮಾತಿನಲ್ಲಿ ನನಗೆ ಸಂಶಯ ಇಲ್ಲ.

ದೊಡ್ಡ ಸಂಸ್ಥೆಯ ಜೊತೆ ಸಣ್ಣ ಕ್ಯಾಂಪಸ್ಸುಗಳನ್ನು ಸೇರಿಸಿ ಹಣ ಕೊಡುವ ಯೋಜನೆ ಆ ಪ್ರತಿಷ್ಠಾನದಲ್ಲಿ ಇದೆಯಲ್ಲ, ನಿನ್ನ ಗೈಡಿಗೆ ಒಮ್ಮೆ ಕೇಳು. ಖರ್ಚಿನ ಸರ್ಟಿಫಿಕೇಟು ತಡ ಮಾಡಬೇಡ, ಅದಿಲ್ಲದೆ ಮುಂದಿನ ಕಂತು ಬರುವುದಿಲ್ಲ. ಇದು ನಿನಗೆ ಗೊತ್ತಿರುವುದೇ, ಹೇಳಿದ್ದಕ್ಕೆ ಬೇಸರ ಮಾಡಬೇಡ.

ಆದರೆ ಹಣ ಬರದಿದ್ದರೆ? ಮತ್ತೆ ಅಲ್ಲಿಗೇ ಬರುತ್ತೇನೆ. ಹೋಗು ಮಗಳೇ. ಮಾರ್ಚಿಗೆ ಮುಂಚೆಯೇ ಹೋಗು. ಇಷ್ಟು ಸಿಕ್ಕಿತು, ಇಷ್ಟು ಸಿಕ್ಕಲಿಲ್ಲ, ಹಣ ನಿಂತಿತು ಅಂತ ಜಗಲಿಯಲ್ಲಿ ಕೂತು ಹೇಳು. ಅವರವರ ಸುರಂಗದ ಲೆಕ್ಕವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಡು. ಅವರು ಬೈದರೆ ಬೈಸಿಕೋ. ನಾನು ಹೋಗಿ ಹೇಳಿದ್ದರೆ ಆ ತೋಟದ ಅಜ್ಜ ಬಹುಶಃ ಬೈಯುತ್ತಿರಲಿಲ್ಲ. ಮಾರನೇ ದಿನವೇ ಮದ್ದು ಬಿಡಿಸುತ್ತಿದ್ದರು, ಅಷ್ಟೇ.

ಇನ್ನೊಂದು. ಬಕೆಟು ಇಟ್ಟು, ವಾಚು ನೋಡಿ ನೀರು ಅಳೆಯುವುದನ್ನು ಮನೆಯವರಿಗೇ ಕಲಿಸಬಹುದೇನೋ. ಹೇಳಲು ನಾನು ಯಾರು, ವಿಜ್ಞಾನ ಓದಿದವಳು ನೀನು. ನಮ್ಮ ಸುರಂಗದ್ದು ನಾನು ಶುರು ಮಾಡಿದ್ದೇನೆ. ನಿನ್ನೆ ಬೆಳಿಗ್ಗೆ ಹತ್ತು ಲೀಟರಿನ ಬಕೆಟು ತುಂಬಲು ಮೂರು ನಿಮಿಷ ನಲವತ್ತು ಸೆಕೆಂಡು ಹಿಡಿಯಿತು. ಇವತ್ತು ಎರಡು ಸೆಕೆಂಡು ಜಾಸ್ತಿ. ಪುಸ್ತಕ ಜಗಲಿಯ ಮೊಳೆಗೆ ನೇತು ಹಾಕಿದ್ದೇನೆ, ಬಂದಾಗ ನೋಡು.

ನಿನ್ನ
ದೊಡ್ಡಪ್ಪ