ಗಾರೆ ಗೋಡೆಗೆ ಸಿಮೆಂಟ್ ಮೆತ್ತುವ ಮೊದಲು

ಮಾನ್ಯ ಸಂಪಾದಕರೇ,

2012ರಲ್ಲಿ ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಕಡೆ ಕುಸಿಯಿತು. ಕೆಡವಬೇಕಾ, ಉಳಿಸಬೇಕಾ ಅನ್ನುವ ಜಗಳದಲ್ಲೇ ವರ್ಷಗಳು ಕಳೆದವು. ಅಷ್ಟರಲ್ಲಿ ಮೈಸೂರಿನ ಮಿಕ್ಕ ಹಳೇ ಕಟ್ಟಡಗಳಿಗೆ ರಿಪೇರಿ ಹೆಸರಲ್ಲೇ ಹಾನಿ ಆಗುತ್ತಿದೆ.

ನಮ್ಮ ಬಡಾವಣೆಯಲ್ಲೇ ನೋಡಿ. ಹಳೇ ಗೋಡೆ ಬಿರುಕು ಬಿಟ್ಟರೆ ಸಿಮೆಂಟ್ ಮೆತ್ತಿ, ಬಣ್ಣ ಹೊಡೆದು, ಬಿಲ್ ಮಾಡಿ ಹೋಗುತ್ತಾರೆ. ಆ ಗೋಡೆ ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಸುಣ್ಣದ ಗಾರೆ ಮೆದು, ಒಳಗೆ ಸೇರಿದ ತೇವವನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ಸಿಮೆಂಟ್ ಗಟ್ಟಿ, ಅಷ್ಟು ಸುಲಭವಾಗಿ ಬಿಡುವುದಿಲ್ಲ, ಹಾಗಾಗಿ ನೀರು ಒಳಗೇ ನಿಂತು ಇಟ್ಟಿಗೆಯಲ್ಲಿರುವ ಉಪ್ಪೆಲ್ಲ ಹೊರಮೈಗೆ ಬಂದು ಹರಳುಗಟ್ಟಿ ಇಟ್ಟಿಗೆಯೇ ಪುಡಿಪುಡಿಯಾಗಿ ಉದುರುತ್ತದೆ. ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿ ಇದ್ದರಂತೂ ಇನ್ನೂ ಕಷ್ಟ. ತೊಲೆಯ ತುದಿ ಗೋಡೆಯೊಳಗೆ ಇರುತ್ತದೆ, ಅದು ಕೊಳೆಯುವುದು ಹೊರಗೆ ಕಾಣುವುದೇ ಇಲ್ಲ.

ಸುಣ್ಣ ಅಂದರೆ ಓಬೀರಾಯನ ಕಾಲದ್ದು ಅಂತ ಮೂಗು ಮುರಿಯುವವರು ಕನ್ನಂಬಾಡಿ ಕಟ್ಟೆಗೆ ಹೋಗಿ ಬರಲಿ. ಅದನ್ನು ಕಟ್ಟಿದ್ದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲೇ ಅಲ್ವಾ?

ಪರೀಕ್ಷೆಗೆ ಕೋಟಿಗಟ್ಟಲೆ ದುಡ್ಡೇನೂ ಬೇಡ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿಟ್ಟರೆ ಸಾಕು, ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಹಳೇ ಗಾರೆಯ ತುಂಡನ್ನು ಲ್ಯಾಬಿನಲ್ಲಿ ಆಸಿಡ್‌ಗೆ ಹಾಕಿದರೆ ಸುಣ್ಣ ಕರಗಿ ಮರಳು ಉಳಿಯುತ್ತದೆ, ಎರಡೂ ಎಷ್ಟೆಷ್ಟು ಇತ್ತು ಅಂತ ಹೆಚ್ಚುಕಮ್ಮಿ ಲೆಕ್ಕ ಸಿಗುತ್ತದೆ, ಹೊಸ ಗಾರೆಯನ್ನೂ ಅದಕ್ಕೆ ಹೊಂದುವಂತೆ ಕಲಸಬಹುದು. 1946ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಊರು ಇದು. ಸಿವಿಲ್ ಓದುವ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಕಟ್ಟಡ ಕೊಟ್ಟು ಬಿರುಕಿನ ಲೆಕ್ಕ ಇಡಿಸಿದರೆ ಯಾರಿಗೆ ನಷ್ಟ? ಸುಮ್ನೆ ಯಾರದೋ ಹಳೇ ಪ್ರಾಜೆಕ್ಟ್ ನಕಲು ಮಾಡುವುದಕ್ಕಿಂತ ವಾಸಿ.

ಪಾಲಿಕೆಯವರಲ್ಲಿ, ಪಾರಂಪರಿಕ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಸುಣ್ಣದ ಗೋಡೆಗೆ ಸುಣ್ಣದ ಗಾರೆಯನ್ನೇ ಬಳಸಬೇಕು ಅಂತ ಟೆಂಡರ್‌ನಲ್ಲೇ ಬರೆಯಿರಿ. ಆ ಕೆಲಸ ಬಲ್ಲ ಗಾರೆಯವರಿಗೆ ಕೂಲಿ ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ. ಮಳೆ ಶುರುವಾಗುವ ಮುಂಚೆ ತಾರಸಿಯ ಕೊಳವೆಗಳಲ್ಲಿ ಕಟ್ಟಿದ ಕಸ ತೆಗೆಸಿ, ಗೋಡೆ ಸಂದಿಯಲ್ಲಿ ಬೆಳೆದ ಅರಳಿ ಗಿಡಗಳನ್ನು ಬೇರು ಸಮೇತ ತೆಗೆಸಿ.

— ಒಬ್ಬ ಓದುಗ, ಅಗ್ರಹಾರ, ಮೈಸೂರು