ಪದ ಮುಗಿಯಲಿ, ಆಮೇಲೆ ಅರ್ಥ

ಬಾಯಲ್ಲಿ ಕವಳ ಇದ್ದವನಿಗೆ ಮಾತಾಡಲು ಬರುವುದಿಲ್ಲ. ಎಲೆ, ಸುಣ್ಣ, ಅಡಿಕೆ, ಚೂರು ತಂಬಾಕು ಸೇರಿ ಬಾಯಿ ತುಂಬಿತೆಂದರೆ ನಮ್ಮ ಶಿರಸಿಯ ಕಡೆಯ ಮನುಷ್ಯ ಹದಿನೈದಿಪ್ಪತ್ತು ನಿಮಿಷ ತಲೆಯಾಡಿಸಿಯೇ ವ್ಯವಹಾರ ಮುಗಿಸುತ್ತಾನೆ. ಎಲ್‌ಪಿ ರೆಕಾರ್ಡಿನ ಒಂದು ಬದಿಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಾಡುತ್ತದೆ. ಈ ಎರಡನ್ನೂ ಜೋಡಿಸಿದ ಪುಣ್ಯಾತ್ಮ ನನ್ನ ಹೈಸ್ಕೂಲಿನ ಗೆಳೆಯ.

ಜುಲೈನಲ್ಲಿ ಊರಿಗೆ ಹೋಗಿದ್ದೆ. ಹುಲೇಕಲ್ ರಸ್ತೆಯ ಕಡೆ ಅವನ ಮನೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಲ್ಲಿನ ಉಪ್ಪರಿಗೆಯಲ್ಲಿ ಐದಾರು ಮಂದಿ ಸೇರುತ್ತಾರೆ. ನಿವೃತ್ತ ಮೇಷ್ಟ್ರು, ಮದ್ದಲೆ ನುಡಿಸುವ ಒಬ್ಬರು, ಮಕ್ಕಳಿಗೆ ಹಿಂದೂಸ್ತಾನಿ ಹೇಳಿಕೊಡುವ ಅಕ್ಕ, ಅಡಿಕೆ ವ್ಯಾಪಾರದ ಒಬ್ಬ ಭಾವ. ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ರಸೀದಿ ಪುಸ್ತಕವೂ ಇಲ್ಲ (ಇಲ್ಲಿನ ನಮ್ಮ ಕನ್ನಡ ಸಂಘದ ಖಜಾಂಚಿಗಳು ಬೇಸರಿಸಬಾರದು). ಪ್ರತಿ ವಾರ ಒಬ್ಬರ ಸರದಿ. ಅವರು ತಂದ ರೆಕಾರ್ಡನ್ನೋ ಕ್ಯಾಸೆಟ್ಟನ್ನೋ ಮೊದಲಿಂದ ಕೊನೆಯವರೆಗೆ, ಅದು ಇದ್ದ ಕ್ರಮದಲ್ಲೇ ಕೇಳಬೇಕು. ಮೊಬೈಲುಗಳೆಲ್ಲ ಭತ್ತ ಅಳೆಯುವ ಹಳೆಯ ಕೊಳಗದೊಳಗೆ. ಬದಿ ಮುಗಿಯುವ ತನಕ ಮಾತಿಲ್ಲ, ಹಲಸಿನ ಹಪ್ಪಳವಂತೂ ಇಲ್ಲವೇ ಇಲ್ಲ. ಕವಳಕ್ಕೆ ಮಾತ್ರ ಅಡ್ಡಿಯಿಲ್ಲ. ರೆಕಾರ್ಡು ತಂದವರು ಎಲ್ಲರ ಮಾತು ಮುಗಿದ ಮೇಲೆ ಬಾಯಿ ತೆರೆಯಬೇಕು. ಕೊನೆಯ ಈ ನಿಯಮ ಎಷ್ಟು ಜಾಣತನದ್ದು ಎಂಬುದು ನನಗೆ ಆಮೇಲೆ ತಿಳಿಯಿತು.

ಆ ವಾರ ಮೇಷ್ಟ್ರ ಸರದಿ. ಅವರು ತಂದದ್ದು 1967ರ ‘ಕಾಲ್ ಆಫ್ ದ ವ್ಯಾಲಿ’. ಸಂತೂರಿಗೆ ಶಿವಕುಮಾರ ಶರ್ಮಾ, ಕೊಳಲಿಗೆ ಹರಿಪ್ರಸಾದ ಚೌರಾಸಿಯಾ, ಗಿಟಾರಿಗೆ ಬ್ರಿಜ್‌ಭೂಷಣ ಕಾಬ್ರಾ. ಮೂವರಿಗೂ ಆಗ ಮೂವತ್ತರ ಆಸುಪಾಸು. ಕಣಿವೆಯಲ್ಲಿ ಕುರಿ ಕಾಯುವವನೊಬ್ಬನ ಒಂದು ದಿನವೇ ಇದರ ಕಥೆ: ಬೆಳಗಿಗೆ ಅಹೀರ್ ಭೈರವ್ ರಾಗ, ಹೊತ್ತು ಮುಳುಗುವಾಗ ಭೂಪ್, ರಾತ್ರಿಗೆ ದೇಶ್, ಕಟ್ಟಕಡೆಗೆ ಪಹಾಡಿ. ಆ ಪಹಾಡಿಯನ್ನು ನಾನು ನೂರು ಸಲ ಕೇಳಿದ್ದೇನೆ, ಹೆಚ್ಚಾಗಿ ಕಾರಿನಲ್ಲಿ, ಟ್ರಾಫಿಕ್ಕಿಗೆ ಬೈಯುತ್ತ. ಬೆಳಗಿನಿಂದ ಹೊರಟು ಅಲ್ಲಿಗೆ ತಲುಪಿದ್ದು ಇದೇ ಮೊದಲು.

ತಲುಪುವ ಮುನ್ನ ಒಂದು ಅಡಚಣೆ. ದೇಶ್ ಅರ್ಧಕ್ಕೆ ಬಂದಿತ್ತು, ಕರೆಂಟು ಹೋಯಿತು. ಶಿರಸಿಯ ಮಳೆಗಾಲದಲ್ಲಿ ಇದೇನು ಸುದ್ದಿಯಲ್ಲ. ತಟ್ಟೆ ತಿರುಗುವುದು ನಿಧಾನವಾಗಿ, ಸ್ವರ ಜಾರಿ, ಎಮ್ಮೆ ನರಳಿದಂತೆ ಒಂದು ಸದ್ದು ಹೊರಟು ನಿಂತಿತು. ನಾನು ನಗಲು ಬಾಯಿ ತೆರೆದೆ. ಉಳಿದವರು ಮಿಸುಕಲಿಲ್ಲ. ಬದಿ ಇನ್ನೂ ಮುಗಿದಿರಲಿಲ್ಲವಲ್ಲ! ಹೆಂಚಿನ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಕತ್ತಲಲ್ಲಿ ಹತ್ತು ನಿಮಿಷ ಹಾಗೇ ಕೂತೆವು. ಮದ್ದಲೆಯವರ ಬೆರಳು ಮಾತ್ರ ಮೊಣಕಾಲ ಮೇಲೆ ಇನ್ನೂ ತಾಳ ಹಾಕುತ್ತಿತ್ತು. ಕರೆಂಟು ಬಂದಾಗ ಗೆಳೆಯ ಎದ್ದು, ಟಾರ್ಚ್ ಹಿಡಿದು, ಸೂಜಿಯನ್ನು ದೇಶ್ ಶುರುವಾಗುವ ಗೆರೆಗೆ ಇಟ್ಟ. ದೇಶ್ ಮಳೆಗಾಲಕ್ಕೆ ಹೇಳಿಸಿದ ರಾಗ ಎಂದು ಪುಸ್ತಕದಲ್ಲಿ ಓದಿದ್ದೆ.

ಆಮೇಲೆ ಹಪ್ಪಳ ಬಂತು, ಜಗಳವೂ ಬಂತು. ಸಂಗೀತದ ಅಕ್ಕ ನೇರವಾಗಿಯೇ ಹೇಳಿದರು: “ಕೇಳಲು ಚೆನ್ನ, ಒಪ್ಪುತ್ತೇನೆ. ಆದರೆ ಐದಾರು ನಿಮಿಷದಲ್ಲಿ ರಾಗದ ಮುಖ ಕಾಣುತ್ತದೆಯೇ? ಇದು ಕ್ಯಾಲೆಂಡರಿನ ಚಿತ್ರ.” ಮದ್ದಲೆಯವರಿಗೆ ಗಿಟಾರೇ ಸಾಕಾಗಿತ್ತು. ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಲೋಹದ ತುಂಡು ಜಾರಿಸಿ, ಕಾಬ್ರಾ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಎಳೆಯುವುದನ್ನು ಅವರು ಕೈ ಆಡಿಸಿ ತೋರಿಸಿದ್ದೇ ತೋರಿಸಿದ್ದು. ಕಡೆಯ ಸರದಿ ಮೇಷ್ಟ್ರದು. ಅಷ್ಟು ಹೊತ್ತೂ ತಡೆದುಕೊಂಡಿದ್ದ ಅವರು ಅಂಗಳಕ್ಕೆ ಹೋಗಿ ಕವಳ ಉಗಿದು ಬಂದು ಕೇಳಿದ್ದು ಒಂದೇ ಪ್ರಶ್ನೆ: “ಹಳೆಯ 78 ಆರ್‌ಪಿಎಂ ತಟ್ಟೆಯ ಮೂರು ಚಿಲ್ಲರೆ ನಿಮಿಷದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಹಾಡಿದ್ದಾರಲ್ಲ ತಂಗೀ, ಅದರಲ್ಲಿ ನಿನಗೆ ಮುಖ ಕಾಣುತ್ತದೋ ಇಲ್ಲವೋ?” ಅಕ್ಕ ಎರಡನೆಯ ಹಪ್ಪಳ ಎತ್ತಿಕೊಂಡರು. ಸೋತರೆಂದು ನಾನೇನೂ ಹೇಳುವುದಿಲ್ಲ. ಅವರ ಮಾತಿನಲ್ಲೂ ಹುರುಳಿತ್ತು.

ನನಗೆ ಅಲ್ಲಿ ಕೂತಾಗ ನೆನಪಾದದ್ದು ತಾಳಮದ್ದಲೆ. ಮಳೆಗೆ ಬಯಲಾಟ ನಿಂತಾಗ ನಮ್ಮ ಕಡೆ ಜಗುಲಿಗಳಲ್ಲಿ ವೇಷ, ಕುಣಿತವಿಲ್ಲದ ಯಕ್ಷಗಾನ ನಡೆಯುತ್ತದಲ್ಲ, ಅದು. ಭಾಗವತರು ಪದ ಹೇಳುತ್ತಾರೆ. ಪಾತ್ರವಾಗಿ ಮಾತಾಡುವ ಅರ್ಥಧಾರಿ ಎಂಥ ವಾಚಾಳಿಯಾದರೂ ಪದ ಮುಗಿಯುವ ತನಕ ಕಾಯಲೇಬೇಕು. ಮುಗಿದ ಮೇಲೆ ಕೃಷ್ಣನೂ ಕೌರವನೂ ಎಷ್ಟು ಹೊತ್ತು ಬೇಕಾದರೂ ವಾದಿಸಿಕೊಳ್ಳಲಿ.

ಮುಂದಿನ ವಾರ ಗೆಳೆಯನದೇ ಸರದಿ. 1990ರಲ್ಲಿ, ಇನ್ನೂ ಚಿಕ್ಕ ಪ್ರಾಯದಲ್ಲಿ, ತೀರಿಕೊಂಡ ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಪದಗಳ ಒಂದು ಕ್ಯಾಸೆಟ್ಟು. ಯಾರೋ ಆಟದ ಚಪ್ಪರದಲ್ಲೇ ತುಂಬಿಕೊಂಡದ್ದು. ಸುರುಳಿಗೆಲ್ಲ ಬಿಳಿ ಬೂಸ್ಟು ಹಿಡಿದಿತ್ತು, ಸದ್ದು ಕಂಬಳಿ ಹೊದ್ದು ಮಲಗಿದಂತೆ ಮಂದ. ಐದು ಸ್ಕ್ರೂ ಬಿಚ್ಚಿ ನೋಡಿದರೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಉಣ್ಣೆಯ ಚೂರು ಉದುರಿಹೋಗಿತ್ತು. ಗೆಳೆಯ ನಿಜವಾದ ಕಂಬಳಿಯ ಮೂಲೆಯಿಂದಲೇ ಉಗುರಿನ ತುದಿಯಷ್ಟು ಕತ್ತರಿಸಿ ಅಂಟಿಸಿದ. ಪೆನ್ಸಿಲ್ ತೂರಿಸಿ ಸುರುಳಿ ತಿರುಗಿಸುತ್ತ, ಮೆತ್ತನೆಯ ಬಟ್ಟೆಯಲ್ಲಿ ಬೂಸ್ಟು ಒರೆಸುವುದಕ್ಕೆ ಅರ್ಧ ದಿನ ಹಿಡಿಯಿತು. ಹಾಕಿದಾಗ ಮೊದಲು ಕೇಳಿದ್ದು ಚಪ್ಪರದಲ್ಲಿ ಅಳುತ್ತಿದ್ದ ಒಂದು ಮಗು, ಆಮೇಲೆ ಚಂಡೆ, ಅದನ್ನೆಲ್ಲ ಸೀಳಿಕೊಂಡು ನಾವಡರ ಕಂಠ. ಯಕ್ಷಗಾನಕ್ಕೆ ಅವರು ಹೊಸ ರಾಗಗಳನ್ನು ತಂದದ್ದು ಸರಿಯೋ ತಪ್ಪೋ ಎಂಬ ಚರ್ಚೆ ದೀಪ ಹಚ್ಚುವ ಹೊತ್ತಿಗೂ ಮುಗಿಯಲಿಲ್ಲ. ಅಳುತ್ತಿದ್ದ ಆ ಮಗುವಿಗೆ ಈಗ ಮೊಮ್ಮಕ್ಕಳಾಗಿರಬಹುದು ಎಂದು ಭಾವ ಲೆಕ್ಕ ಹಾಕಿದ.

ಈಗ ನನ್ನ ತಪ್ಪೊಪ್ಪಿಗೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದದ್ದು 1978ರಲ್ಲಿ. ಕನ್ನಡ ಭಾವಗೀತೆ ಮನೆಮನೆಯ ಟೇಪ್‌ರೆಕಾರ್ಡರಿಗೆ ಇಳಿಯಲು ದಾರಿ ಮಾಡಿದ್ದು ಅದು. ನಾವು ಇಲ್ಲಿ ಪ್ರತಿ ನವೆಂಬರಿನಲ್ಲೂ ಅದರ ಒಂದೇ ಒಂದು ಹಾಡನ್ನು, ಜೋಗದಿಂದ ಶುರುವಾಗುವುದನ್ನು, ಹಾಡಿ ಚಪ್ಪಾಳೆ ತಟ್ಟುತ್ತೇವೆ. ಉಳಿದ ಹಾಡುಗಳು ಯಾವುವೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಿಯೇವು? ಜೋಗದಿಂದ ಹೆಚ್ಚು ದೂರವಿಲ್ಲದ ಊರಿನಲ್ಲಿ ಹುಟ್ಟಿದ ನಾನೇ ಹೇಳಲಾರದೆ ಹೋದೆ. ಸಾಲದ್ದಕ್ಕೆ ಕಳೆದ ರಾಜ್ಯೋತ್ಸವದಲ್ಲಿ ಮಕ್ಕಳು ಎರಡನೆಯ ಚರಣ ಹಾಡುತ್ತಿರುವಾಗ ಮೈಕು ಹಿಡಿದು ಊಟದ ಕೂಪನ್ನಿನ ಪ್ರಕಟಣೆ ಮಾಡಿದವನೂ ನಾನೇ. ಆ ಮಕ್ಕಳ ಕ್ಷಮೆ ಕೇಳುತ್ತೇನೆ. ಕೂಪನ್ ಇನ್ನೈದು ನಿಮಿಷ ಕಾಯಬಹುದಿತ್ತು.

ಮುಂದಿನ ತಿಂಗಳ ಎರಡನೆಯ ಶನಿವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆಯ ನೆಲಮಾಳಿಗೆಯಲ್ಲಿ ‘ನಿತ್ಯೋತ್ಸವ’, ಮೊದಲಿಂದ ಕೊನೆಯವರೆಗೆ. ಹತ್ತು ಕುರ್ಚಿಗಳಿವೆ, ನೆಲಕ್ಕೆ ಜಮಖಾನೆ ಹಾಸುತ್ತೇನೆ. ಕೊಳಗ ಇಲ್ಲಿ ಸಿಗದು, ಮೊಬೈಲಿಗೆ ಇಡ್ಲಿ ಪಾತ್ರೆ ಇಡುತ್ತೇನೆ. ಚರ್ಚೆಗೆ ಹೊತ್ತಿನ ಮಿತಿಯಿಲ್ಲ, ಅಧ್ಯಕ್ಷರ ಭಾಷಣವೂ ಇಲ್ಲ. ಕವಳಕ್ಕೆ ಎಲೆ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಗೊತ್ತಿದ್ದವರು ದಯವಿಟ್ಟು ತಿಳಿಸಿ. ಹಪ್ಪಳ ತರುವವರು ಧಾರಾಳವಾಗಿ ತನ್ನಿ, ಡಬ್ಬಿಯ ಮುಚ್ಚಳ ಮಾತ್ರ ನನ್ನ ಹೆಂಡತಿಯ ಕೈಯಲ್ಲಿರುತ್ತದೆ.