ಹಳೇ ಮೆಡಲ್‌ಗೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ

ಸಂಪಾದಕರಿಗೆ ನಮಸ್ಕಾರ,

ನಾನು ಹಾಸನದವ್ನು, ಹದಿನೈದು ವರ್ಷದಿಂದ ಹಳೇ ಆಟದ ಸಾಮಾನು ಕೂಡಿಡ್ತಾ ಬಂದಿದೀನಿ, ಮೆಡಲ್ಲು, ಕಪ್ಪು, ಬ್ಯಾಡ್ಜು, 1982ರ ಏಷ್ಯನ್ ಗೇಮ್ಸ್ ನೆನಪಿಗೆ ಬಂದ 2 ರೂಪಾಯಿ ನಾಣ್ಯ, ಇಂಥವೆಲ್ಲ. ಹೋದ ತಿಂಗಳು ಅರಸೀಕೆರೆ ಕಡೆ ಒಂದು ಗುಜರಿ ಅಂಗಡೀಲಿ ತೂಕಕ್ಕೆ ಹಾಕಿದ್ದ ಹಿತ್ತಾಳೆ ಲೋಟ, ಚೊಂಬಿನ ಮಧ್ಯೆ ಒಂದು ಮೆಡಲ್ ಸಿಕ್ತು. ಮುಂದುಗಡೆ ಓಡ್ತಿರೋ ಮನುಷ್ಯ, ಹಿಂದೆ ತಿರುಗಿಸಿ ಬೆಳಕಿಗೆ ಹಿಡಿದ್ರೆ "ಜಿಲ್ಲಾ" ಅಂತ ಇದೆ, ಕೆಳಗೆ "19" ಅಂತ ಇದೆ, ಮಿಕ್ಕಿದ್ದೆಲ್ಲ ನುಣ್ಣಗೆ ಸವೆದುಹೋಗಿದೆ. ಹಬ್ಬಕ್ಕೆ ದೇವರ ಸಾಮಾನು ತೊಳೆಯೋವಾಗ ಇದನ್ನೂ ಹುಣಸೆಹಣ್ಣು, ಉಪ್ಪು ಹಾಕಿ ವರ್ಷಾವರ್ಷ ಉಜ್ಜಿದಾರೆ, ಕೊಕ್ಕೆ ಸಂದೀಲಿ ಇನ್ನೂ ಅದರ ಗಸಿ ಅಂಟ್ಕೊಂಡಿತ್ತು. ಪ್ರೀತಿಯಿಂದಾನೇ ಉಜ್ಜಿರ್ತಾರೆ, ಆದ್ರೆ ಗೆದ್ದೋರ ಹೆಸರು ಮನೆಯೋರ ಕೈಯಿಂದಾನೇ ಅಳಿಸಿಹೋಯ್ತಲ್ಲ ಅಂತ ಅವತ್ತು ರಾತ್ರಿ ನಂಗೆ ನಿದ್ದೆ ಹತ್ತಲಿಲ್ಲ.

ಮೆಡಲ್ ತೋರಿಸಿದ್ರೆ ಜನ ಮೊದ್ಲು ಕೇಳೋದೇ ಎಷ್ಟು ಗ್ರಾಂ ಚಿನ್ನ ಇದೆ ಅಂತ. ಒಲಿಂಪಿಕ್ಸ್ ಪದಕಾನೂ 1912ರ ಸ್ಟಾಕ್‌ಹೋಮ್ ಆದ್ಮೇಲೆ ಅಪ್ಪಟ ಚಿನ್ನದ್ದಲ್ಲ ಕಣ್ರೀ, ಈಗಿನದ್ರಲ್ಲಿ ಒಳಗೆ ಬೆಳ್ಳಿ, ಮೇಲೆ ಕನಿಷ್ಠ 6 ಗ್ರಾಂ ಚಿನ್ನದ ಲೇಪ, ಅಷ್ಟೆ. 1896ರಲ್ಲಿ ಅಥೆನ್ಸ್‌ನಲ್ಲಿ ಫಸ್ಟ್ ಬಂದೋರಿಗೆ ಕೊಟ್ಟಿದ್ದೇ ಬೆಳ್ಳಿ. ಆದ್ರೂ ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್ 1936ರಲ್ಲಿ ಬರ್ಲಿನ್‌ನಲ್ಲಿ ಗೆದ್ದ ಒಂದು ಪದಕ 2013ರ ಹರಾಜಲ್ಲಿ 14 ಲಕ್ಷ ಡಾಲರ್ ದಾಟ್ತು, ಆ ಬೆಲೆ ಲೋಹಕ್ಕಲ್ಲ, ಓಡಿದೋನಿಗೆ.

ಅದಕ್ಕೆ ಕೇಳ್ಕೊಳ್ತೀನಿ, ಕಪ್ಪಗಾಗಿದ್ರೆ ಹಂಗೇ ಇರ್ಲಿ ಬಿಡಿ, ಹತ್ತಿ ಬಟ್ಟೇಲಿ ಧೂಳು ಒರೆಸಿದ್ರೆ ಸಾಕು. ಅಗ್ಗದ ಪಿವಿಸಿ ಕವರಲ್ಲಿಟ್ರೆ ಕಂಚು, ತಾಮ್ರ ಕಿಲುಬು ಹಿಡಿಯುತ್ತೆ, ನ್ಯೂಸ್‌ಪೇಪರಲ್ಲೂ ಸುತ್ತಿಡಬೇಡಿ. ಸಕಲೇಶಪುರದ ಕಡೆಯೋರು ಮಳೆಗಾಲದಲ್ಲಿ ಹೊಸ ಶೂ ಡಬ್ಬೀಲಿ ಬರೋ, ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಎಸೀದೆ ಜೊತೇಲಿಡಿ. ಸರ್ಟಿಫಿಕೇಟ್, ಗ್ರೂಪ್ ಫೋಟೋ ಇದ್ರೆ ಅದನ್ನ ಮೆಡಲ್‌ನಿಂದ ಬೇರೆ ಮಾಡ್ಬೇಡಿ, ಅದಿಲ್ದೆ ಯಾರ ಮೆಡಲ್ ಅಂತ ಹೇಳೋಕೆ ಯಾರೂ ಉಳಿಯಲ್ಲ. ಜಿಲ್ಲಾ ಸ್ಟೇಡಿಯಂನಲ್ಲಿ ಇವಕ್ಕೆಲ್ಲ ಒಂದು ಗಾಜಿನ ಬೀರು ಮಾಡಿಸಿದ್ರೆ ನನ್ ಹತ್ರ ಇರೋದನ್ನ ಪೂರ್ತಿ ಕೊಟ್ಬಿಡ್ತೀನಿ.

ಇನ್ನು ಆ ಗುಜರಿ ಮೆಡಲ್. ಓಡೋ ಮನುಷ್ಯನ ಎಡಗಾಲು ಮುಂದಿದೆ, ಕೊಕ್ಕೆ ಬಲಕ್ಕೆ ಅಂಚಲ್ಲಿ ಚೂರು ನೆಗ್ಗಿದೆ. ನಮ್ಮ ತಂದೇದು, ತಾತಂದು ಅಂತ ಗುರುತು ಹತ್ತಿದೋರು ಪತ್ರಿಕೆಗೆ ಬರೀರಿ. ದುಡ್ಡು ಬೇಡ, ನಾನೇ ಮನೆಗೆ ತಂದ್ಕೊಡ್ತೀನಿ.

- ನಿಮ್ಮ ಓದುಗ, ಹಾಸನ